ರಸ್ತೆಯೇ ಕಣವಾಗುವ ಕ್ರೀಡೆ: ಹಂತಗಳ ಸೈಕಲ್ ಪಂದ್ಯವೂ ಗುಂಡ್ಲುಪೇಟೆಯ ಹಾದಿಯೂ

ಬಹುಪಾಲು ಕ್ರೀಡೆಗಳು ಗೆರೆ ಎಳೆದ ಕಣದೊಳಗೆ, ಟಿಕೆಟು ಪಡೆದು ಕುಳಿತ ಪ್ರೇಕ್ಷಕರ ಎದುರು ನಡೆಯುತ್ತವೆ. ಹಲವು ದಿನಗಳ ಕಾಲ ಊರಿಂದೂರಿಗೆ ಸಾಗುವ ರಸ್ತೆ ಸೈಕಲ್ ಪಂದ್ಯಕ್ಕಾದರೋ ಜನ ದಿನವೂ ಓಡಾಡುವ ಹಾದಿಯೇ ಕಣ, ಹೊಲದ ಬದುವೇ ಪ್ರೇಕ್ಷಕರ ಜಾಗ. ಆ ಹಾದಿಯ ಏರಿಳಿತ, ತಿರುವು, ಬಿಸಿಲು, ಎದುರುಗಾಳಿ ಇವೆಲ್ಲ ಪಂದ್ಯದ ಫಲಿತಾಂಶವನ್ನು ನಿರ್ಧರಿಸುವುದರಿಂದ, ಒಂದು ಪ್ರದೇಶದ ಭೂಗೋಳವನ್ನು ಅರಿಯದೆ ಅಲ್ಲಿ ನಡೆಯುವ ಪಂದ್ಯವನ್ನು ಅರ್ಥಮಾಡಿಕೊಳ್ಳಲು ಸಾಧ್ಯವಿಲ್ಲ. ಯುರೋಪಿನಲ್ಲಿ ಒಂದು ಶತಮಾನಕ್ಕೂ ಹಿಂದೆ ರೂಪುಗೊಂಡ ಈ ಕ್ರೀಡೆಯ ಅತಿ ಪ್ರಸಿದ್ಧ ರೂಪ ಟೂರ್ ಡಿ ಫ್ರಾನ್ಸ್. ಕರ್ನಾಟಕದ ನೆಲದಲ್ಲಿ ಅದರ ಸ್ವರೂಪವನ್ನು ನೆನಪಿಸುವಂಥದು 2008ರ ಡಿಸೆಂಬರಿನಲ್ಲಿ ಆರಂಭವಾದ ಟೂರ್ ಆಫ್ ನೀಲಗಿರೀಸ್ ಎಂಬ ಬಹುದಿನಗಳ ಸೈಕಲ್ ಯಾನ. ಅದು ವೃತ್ತಿಪರರ ಪಂದ್ಯವಲ್ಲ. ಆದರೂ ಮೈಸೂರಿನಿಂದ ಗುಂಡ್ಲುಪೇಟೆಯ ಮೂಲಕ ನೀಲಗಿರಿಗೆ ಏರುವ ದಾರಿ ಹಂತಗಳ ಪಂದ್ಯಕ್ಕೆ ಬೇಕಾದ ಎಲ್ಲ ಬಗೆಯ ನೆಲವನ್ನೂ ಒಳಗೊಂಡಿದೆ ಎಂಬುದನ್ನು ಅದು ಕಾಣಿಸಿಕೊಟ್ಟಿದೆ. ಚಾಮರಾಜನಗರ ಜಿಲ್ಲೆಯ ಓದುಗರು ತಮ್ಮೂರಿನ ರಸ್ತೆಯನ್ನೇ ಮುಂದಿಟ್ಟುಕೊಂಡು ಈ ಕ್ರೀಡೆಯ ಚರಿತ್ರೆಯನ್ನೂ ತಂತ್ರವನ್ನೂ ತಿಳಿಯಬಹುದು.

ಕಾಲದ ಲೆಕ್ಕ

ಹಂತಗಳ ಪಂದ್ಯವೆಂದರೆ ಅನೇಕ ದಿನಗಳಿಗೆ ಹಂಚಿಹೋದ ಒಂದೇ ಪಂದ್ಯ. ಒಂದು ದಿನದ ಓಟಕ್ಕೆ ಒಂದು ಹಂತವೆಂದು ಹೆಸರು. ಪ್ರತಿ ಹಂತಕ್ಕೂ ಅದರದೇ ಆದ ವಿಜೇತನಿರುತ್ತಾನೆ, ಆದರೆ ಒಟ್ಟು ಪಂದ್ಯವನ್ನು ಗೆಲ್ಲುವವನು ಎಲ್ಲ ಹಂತಗಳ ಸಮಯವನ್ನು ಕೂಡಿಸಿದಾಗ ಅತಿ ಕಡಿಮೆ ಕಾಲ ತೆಗೆದುಕೊಂಡವನು. ಹೀಗಾಗಿ ಒಂದೇ ಒಂದು ಹಂತವನ್ನೂ ಗೆಲ್ಲದವನು ಇಡೀ ಪಂದ್ಯವನ್ನು ಗೆಲ್ಲುವುದು ಸಾಧ್ಯ, ಹಾಗೆಯೇ ಹಲವು ಹಂತಗಳನ್ನು ಗೆದ್ದವನು ಬೆಟ್ಟದ ಒಂದು ದಿನದಲ್ಲಿ ಅರ್ಧ ಗಂಟೆ ಹಿಂದೆ ಬಿದ್ದು ಪಟ್ಟಿಯ ಕೆಳಗಿಳಿಯುವುದೂ ಸಾಧ್ಯ. ಗುಂಪಾಗಿ ಗುರಿ ಮುಟ್ಟುವ ಸವಾರರಿಗೆಲ್ಲ ಒಂದೇ ಸಮಯವನ್ನು ನೀಡುವ ನಿಯಮವಿರುವುದರಿಂದ ಬಯಲಿನ ಹಂತಗಳಲ್ಲಿ ಒಟ್ಟು ಲೆಕ್ಕ ಹೆಚ್ಚು ಬದಲಾಗುವುದಿಲ್ಲ. ಅಂತರ ಹುಟ್ಟುವುದು ಬೆಟ್ಟದ ಹಂತಗಳಲ್ಲಿ ಮತ್ತು ಸವಾರರು ಒಬ್ಬೊಬ್ಬರಾಗಿ ಗಡಿಯಾರದ ವಿರುದ್ಧ ಓಡುವ ಟೈಮ್ ಟ್ರಯಲ್ ಎಂಬ ಹಂತದಲ್ಲಿ. ದಿನದ ವಿಜೇತನ ಸಮಯಕ್ಕೆ ಹೋಲಿಸಿ ನಿಗದಿಪಡಿಸಿದ ಮಿತಿಯೊಳಗೆ ಗುರಿ ಮುಟ್ಟದವನು ಪಂದ್ಯದಿಂದಲೇ ಹೊರಬೀಳುತ್ತಾನಾದ್ದರಿಂದ, ಗೆಲುವಿನ ಆಸೆಯಿಲ್ಲದವನಿಗೂ ಬೆಟ್ಟದ ದಿನ ಸುಲಭದ ದಿನವಲ್ಲ.

ಈ ಲೆಕ್ಕ ಎಷ್ಟು ಸೂಕ್ಷ್ಮವಾಗಬಲ್ಲದು ಎಂಬುದಕ್ಕೆ 1989ರ ಟೂರ್ ಡಿ ಫ್ರಾನ್ಸ್ ಸಾಕ್ಷಿ. ಕೊನೆಯ ದಿನ ವರ್ಸೈಯಿಂದ ಪ್ಯಾರಿಸ್‌ಗೆ 24.5 ಕಿಲೋಮೀಟರಿನ ಟೈಮ್ ಟ್ರಯಲ್ ಇತ್ತು. ಅಮೆರಿಕದ ಗ್ರೆಗ್ ಲೆಮಾಂಡ್ ಫ್ರಾನ್ಸಿನ ಲೋರಾಂ ಫಿನ್ಯೋನ್‌ಗಿಂತ 50 ಸೆಕೆಂಡು ಹಿಂದಿದ್ದವನು ಆ ಒಂದು ಓಟದಲ್ಲಿ 58 ಸೆಕೆಂಡು ಗಳಿಸಿ, ಮೂರು ಸಾವಿರಕ್ಕೂ ಹೆಚ್ಚು ಕಿಲೋಮೀಟರುಗಳ ಪಂದ್ಯವನ್ನು ಬರಿಯ 8 ಸೆಕೆಂಡುಗಳ ಅಂತರದಲ್ಲಿ ಗೆದ್ದನು. ಇಂದಿಗೂ ಆ ಪಂದ್ಯದ ಚರಿತ್ರೆಯಲ್ಲಿ ಅದಕ್ಕಿಂತ ಕಿರಿದಾದ ಅಂತರವಿಲ್ಲ.

ಒಟ್ಟು ಕಾಲದ ಪಟ್ಟಿಯ ಜೊತೆಗೆ ಬೇರೆ ಸ್ಪರ್ಧೆಗಳೂ ಅದೇ ರಸ್ತೆಯಲ್ಲಿ ಸಮಾನಾಂತರವಾಗಿ ನಡೆಯುತ್ತವೆ. ಟೂರ್ ಡಿ ಫ್ರಾನ್ಸ್‌ನಲ್ಲಿ ಒಟ್ಟು ಪಟ್ಟಿಯ ಮುಂದಾಳು ಹಳದಿ ಅಂಗಿ ತೊಡುತ್ತಾನೆ. ಗುರಿಯ ಬಳಿಯ ವೇಗದ ಓಟಗಳಲ್ಲಿ ಹೆಚ್ಚು ಅಂಕ ಗಳಿಸಿದವನಿಗೆ 1953ರಿಂದ ಹಸಿರು ಅಂಗಿ, ಬೆಟ್ಟಗಳ ನೆತ್ತಿಯನ್ನು ಮೊದಲು ಮುಟ್ಟಿ ಅಂಕ ಗಳಿಸಿದವನಿಗೆ 1975ರಿಂದ ಬಿಳಿಯ ಮೇಲೆ ಕೆಂಪು ಚುಕ್ಕಿಗಳ ಅಂಗಿ, ಯುವ ಸವಾರರಲ್ಲಿ ಮೊದಲಿಗನಿಗೆ ಬಿಳಿ ಅಂಗಿ ದೊರೆಯುತ್ತವೆ. ರಸ್ತೆ ಬದಿಯಲ್ಲಿ ನಿಂತ ನೋಡುಗನಿಗೆ ನೂರಾರು ಸವಾರರ ಗುಂಪು ಕೆಲವೇ ಕ್ಷಣಗಳಲ್ಲಿ ಕಣ್ಣಮುಂದೆ ಹಾದುಹೋಗುವಾಗ, ಆ ಗುಂಪಿನೊಳಗೆ ಯಾರು ಎಲ್ಲಿದ್ದಾರೆಂದು ಗುರುತಿಸಲು ಈ ಬಣ್ಣಗಳೇ ಆಧಾರ.

ಪತ್ರಿಕೆಯೊಂದು ಹುಟ್ಟಿಸಿದ ಪಂದ್ಯ

ಟೂರ್ ಡಿ ಫ್ರಾನ್ಸ್ ಹುಟ್ಟಿದ್ದು ಕ್ರೀಡಾಸಂಸ್ಥೆಯಿಂದಲ್ಲ, ಪ್ರಸಾರ ಹೆಚ್ಚಿಸಿಕೊಳ್ಳಬೇಕಿದ್ದ ಒಂದು ದಿನಪತ್ರಿಕೆಯಿಂದ. ಲೋಟೋ ಎಂಬ ಆ ಪತ್ರಿಕೆಯ ಸಂಪಾದಕ ಆನ್ರಿ ದೆಗ್ರಾಂಜ್. ದೇಶವನ್ನೇ ಸುತ್ತುವ ಓಟದ ಯೋಚನೆಯನ್ನು ಮುಂದಿಟ್ಟವನು ಅವನ ಕೈಕೆಳಗಿನ ಯುವ ಪತ್ರಕರ್ತ ಜಿಯೋ ಲೆಫೆವ್ರ್. 1903ರ ಜುಲೈ 1ರಂದು ಪ್ಯಾರಿಸ್ ಸಮೀಪದ ಮೋಂಜರೋನ್‌ನಿಂದ 60 ಸವಾರರು ಹೊರಟರು. 2,428 ಕಿಲೋಮೀಟರುಗಳನ್ನು ಆರು ಹಂತಗಳಲ್ಲಿ ಮುಗಿಸಿ ಪ್ಯಾರಿಸ್‌ಗೆ ಮರಳಿದವರು 21 ಮಂದಿ. ಚಿಮಣಿ ಗುಡಿಸುವ ಕೆಲಸದಿಂದ ಬದುಕು ಆರಂಭಿಸಿದ್ದ ಮೋರಿಸ್ ಗಾರೆನ್, ಎರಡನೆಯವನಿಗಿಂತ ಸುಮಾರು ಮೂರು ಗಂಟೆ ಮುಂದಾಗಿ ಮೊದಲ ವಿಜೇತನಾದನು. ಒಂದೊಂದು ಹಂತವೂ ಸರಾಸರಿ 400 ಕಿಲೋಮೀಟರಿನದಾಗಿದ್ದು ಸವಾರರು ರಾತ್ರಿಯಿಡೀ ಪೆಡಲು ತುಳಿಯಬೇಕಿತ್ತು. ಓಟದ ಸುದ್ದಿಯನ್ನು ಓದಲೆಂದೇ ಜನ ಪತ್ರಿಕೆ ಕೊಂಡರು, ಪ್ರಸಾರ ಎರಡು ಪಟ್ಟಿಗೂ ಮೀರಿ ಬೆಳೆಯಿತು. ಇದೇ ದಾರಿಯನ್ನು ಹಿಡಿದು ಇಟಲಿಯಲ್ಲಿ ಲಾ ಗಜೆಟ್ಟಾ ಡೆಲ್ಲೊ ಸ್ಪೋರ್ಟ್ ಪತ್ರಿಕೆ 1909ರಲ್ಲಿ ಜೀರೋ ಡಿಟಾಲಿಯಾ ಪಂದ್ಯವನ್ನೂ, ಸ್ಪೇನಿನಲ್ಲಿ ಮತ್ತೊಂದು ಪತ್ರಿಕೆ 1935ರಲ್ಲಿ ವುಯೆಲ್ಟಾ ಪಂದ್ಯವನ್ನೂ ಆರಂಭಿಸಿದವು. ಮೂರು ವಾರಗಳ ಈ ಮೂರು ಪಂದ್ಯಗಳನ್ನು ಒಟ್ಟಾಗಿ ಗ್ರ್ಯಾಂಡ್ ಟೂರ್‌ಗಳೆಂದು ಕರೆಯಲಾಗುತ್ತದೆ. ಲೋಟೋ ಪತ್ರಿಕೆ ಹಳದಿ ಕಾಗದದ ಮೇಲೆ ಅಚ್ಚಾಗುತ್ತಿತ್ತು. 1919ರಲ್ಲಿ ಮುಂದಾಳುವಿಗೆ ಬೇರೆ ಅಂಗಿ ಕೊಡಬೇಕೆಂದಾಗ ಅದೇ ಬಣ್ಣ ನೆಲೆಗೊಂಡಿತು.

ಮೊದಲ ದಶಕದಲ್ಲೇ ಪಂದ್ಯ ತನ್ನ ದೌರ್ಬಲ್ಯಗಳನ್ನೂ ತೋರಿತು. 1904ರಲ್ಲಿ ಮೋಸದ ದೂರುಗಳ ಕಾರಣ ಮೊದಲ ನಾಲ್ವರನ್ನೂ ಅನರ್ಹಗೊಳಿಸಿ, ಐದನೆಯವನಾಗಿದ್ದ, ಇನ್ನೂ ಇಪ್ಪತ್ತು ತುಂಬದ ಆನ್ರಿ ಕೋರ್ನೆಯನ್ನು ವಿಜೇತನೆಂದು ಘೋಷಿಸಬೇಕಾಯಿತು. 1910ರಲ್ಲಿ ಪಂದ್ಯ ಪಿರೆನೀಸ್ ಪರ್ವತಶ್ರೇಣಿಯ ಎತ್ತರದ ಕಣಿವೆದಾರಿಗಳನ್ನು ಮೊದಲ ಬಾರಿಗೆ ಹತ್ತಿತು. 2,115 ಮೀಟರ್ ಎತ್ತರದ ಟೂರ್ಮಲೆ ಘಾಟಿ ಆಗಿನಿಂದ ಈ ಕ್ರೀಡೆಯ ಪ್ರಸಿದ್ಧ ಏರಾಯಿತು. ಅದೇ ಟೂರ್ಮಲೆಯ ಇಳಿಜಾರಿನಲ್ಲಿ 1913ರಲ್ಲಿ ಎಜೆನ್ ಕ್ರಿಸ್ತೋಫ್ ಎಂಬ ಸವಾರನ ಸೈಕಲ್ಲಿನ ಮುಂದಿನ ಫೋರ್ಕ್ ಮುರಿಯಿತು. ಹೊರಗಿನವರ ನೆರವು ಪಡೆಯಕೂಡದೆಂಬ ನಿಯಮವಿದ್ದುದರಿಂದ ಅವನು ಸೈಕಲ್ಲನ್ನು ಹೊತ್ತು ಹತ್ತಕ್ಕೂ ಹೆಚ್ಚು ಕಿಲೋಮೀಟರು ನಡೆದು, ಕೆಳಗಿನ ಹಳ್ಳಿಯ ಕಮ್ಮಾರನ ಕುಲುಮೆಯಲ್ಲಿ ತನ್ನ ಕೈಯಿಂದಲೇ ಅದನ್ನು ಬೆಸೆದುಕೊಂಡನು. ಹಾಗಿದ್ದೂ ಕುಲುಮೆಯ ತಿದಿ ಒತ್ತಿದ ಹುಡುಗನ ಸಹಾಯ ಪಡೆದದ್ದಕ್ಕಾಗಿ ಪಂಚರು ಅವನಿಗೆ ದಂಡ ವಿಧಿಸಿದರು. ಆರು ವರ್ಷಗಳ ನಂತರ ಮೊದಲ ಹಳದಿ ಅಂಗಿ ತೊಟ್ಟವನೂ ಇದೇ ಕ್ರಿಸ್ತೋಫ್. ಇಂದು ಪ್ರತಿ ತಂಡದ ಹಿಂದೆಯೂ ಬದಲಿ ಸೈಕಲ್ಲುಗಳನ್ನು ಹೊತ್ತ ಕಾರು ಬರುತ್ತದೆ, ಮಿಸ್ತ್ರಿಗಳು ಅರೆನಿಮಿಷದಲ್ಲಿ ಚಕ್ರ ಬದಲಿಸುತ್ತಾರೆ; ಆದರೆ ಆ ದಿನದ ಕಥೆಯನ್ನು ಸೈಕಲ್ ಜಗತ್ತು ಮರೆತಿಲ್ಲ.

ಬಯಲಿನಲ್ಲಿ ಗಾಳಿ, ಘಾಟಿಯಲ್ಲಿ ಭಾರ

ಸೈಕಲ್ ಪಂದ್ಯದ ತಂತ್ರವನ್ನೆಲ್ಲ ನಿರ್ಧರಿಸುವ ಶಕ್ತಿಗಳು ಎರಡು. ಸಮತಟ್ಟಾದ ರಸ್ತೆಯಲ್ಲಿ ಗಂಟೆಗೆ 40 ಕಿಲೋಮೀಟರು ವೇಗದಲ್ಲಿ ಸಾಗುವ ಸವಾರನ ಶ್ರಮದ ಬಹುಪಾಲು ಗಾಳಿಯನ್ನು ಸೀಳುವುದಕ್ಕೇ ಹೋಗುತ್ತದೆ. ವೇಗ ಎರಡು ಪಟ್ಟಾದರೆ ಗಾಳಿಯ ಪ್ರತಿರೋಧ ನಾಲ್ಕು ಪಟ್ಟಾಗಿ, ಅದನ್ನು ಮೀರಲು ಬೇಕಾದ ಸಾಮರ್ಥ್ಯ ಎಂಟು ಪಟ್ಟಾಗುತ್ತದೆ. ಮುಂದಿನವನ ಬೆನ್ನಿಗೆ ಅಂಟಿಕೊಂಡು ಅವನು ಸೀಳಿದ ಗಾಳಿಯ ಮರೆಯಲ್ಲಿ ಸಾಗುವವನು ತನ್ನ ಶ್ರಮದಲ್ಲಿ ಸುಮಾರು ಮೂರನೆಯ ಒಂದು ಭಾಗದವರೆಗೂ ಉಳಿಸಿಕೊಳ್ಳಬಲ್ಲನಾದ್ದರಿಂದ, ಪಂದ್ಯದಲ್ಲಿ ಸವಾರರು ದಟ್ಟ ಗುಂಪಾಗಿ ಸಾಗುತ್ತಾರೆ. ಪೆಲೊಟಾನ್ ಎಂದು ಕರೆಯುವ ಈ ಗುಂಪಿನಲ್ಲಿ ಪ್ರತಿಸ್ಪರ್ಧಿಗಳೂ ಸರದಿಯ ಮೇಲೆ ಮುಂದೆ ಬಂದು ಗಾಳಿಯನ್ನು ಎದುರಿಸುತ್ತಾರೆ. ಗುಂಪಿನಿಂದ ಸಿಡಿದು ಮುಂದೆ ಹೋದವನು ಒಂಟಿಯಾಗಿ ಗಾಳಿಗೆ ಎದೆಯೊಡ್ಡಬೇಕಾಗುವುದರಿಂದ ಅವನನ್ನು ಗುಂಪು ಕೊನೆಯಲ್ಲಿ ಹಿಡಿಯುವುದೇ ಹೆಚ್ಚು. ಟೂರ್ ಡಿ ಫ್ರಾನ್ಸ್‌ನಲ್ಲಿ ಈಗ ಪ್ರತಿ ತಂಡದಲ್ಲಿ ಎಂಟು ಮಂದಿಯಿದ್ದು, ಅವರಲ್ಲಿ ಒಬ್ಬನನ್ನು ನಾಯಕನೆಂದು ಆರಿಸಿಕೊಂಡ ಮೇಲೆ ಉಳಿದವರು ಅವನಿಗೆ ಗಾಳಿಯ ಮರೆ ಒದಗಿಸುವುದು, ಕಾರಿನಿಂದ ನೀರಿನ ಬಾಟಲಿ ತಂದುಕೊಡುವುದು, ಅವನ ಚಕ್ರ ಪಂಕ್ಚರ್ ಆದರೆ ತಮ್ಮ ಚಕ್ರವನ್ನೇ ಬಿಚ್ಚಿ ಕೊಡುವುದು ಮುಂತಾದ ಕೆಲಸಗಳಿಗೆ ತಮ್ಮ ಗೆಲುವಿನ ಆಸೆಯನ್ನು ಬಿಟ್ಟುಕೊಡುತ್ತಾರೆ. ಒಬ್ಬನ ಹೆಸರಿನಲ್ಲಿ ದಾಖಲಾಗುವ ಗೆಲುವು ಎಂಟು ಜನರ ದುಡಿಮೆಯ ಫಲವೆಂಬುದು ಈ ಕ್ರೀಡೆಯ ಅತ್ಯಂತ ಘನವಾದ ಗುಣ.

ರಸ್ತೆ ಏರತೊಡಗಿದ ಕೂಡಲೇ ಲೆಕ್ಕ ಬದಲಾಗುತ್ತದೆ. ಕಡಿದಾದ ಘಾಟಿಯಲ್ಲಿ ವೇಗ ಗಂಟೆಗೆ ಹತ್ತು ಹನ್ನೆರಡು ಕಿಲೋಮೀಟರಿಗೆ ಇಳಿದಾಗ ಗಾಳಿಯ ಮಾತು ಬಹುಮಟ್ಟಿಗೆ ಮುಗಿದು, ತನ್ನ ಮೈಭಾರವನ್ನೂ ಸೈಕಲ್ಲಿನ ಭಾರವನ್ನೂ ಮೇಲಕ್ಕೆ ಎತ್ತುವ ಶಕ್ತಿಯೊಂದೇ ಉಳಿಯುತ್ತದೆ. ಇಲ್ಲಿ ಮರೆ ಹಿಡಿಯುವುದರಿಂದ ಹೆಚ್ಚಿನ ಪ್ರಯೋಜನವಿಲ್ಲ, ದೇಹತೂಕದ ಪ್ರತಿ ಕಿಲೋಗ್ರಾಂಗೆ ಎಷ್ಟು ಸಾಮರ್ಥ್ಯವಿದೆ ಎಂಬುದೇ ಪ್ರಶ್ನೆ. ಬಯಲಿನಲ್ಲಿ ಗೆಲ್ಲುವ ದಪ್ಪ ತೊಡೆಯ ವೇಗದ ಓಟಗಾರ ಬೆಟ್ಟದಲ್ಲಿ ಹಿಂದೆ ಬಿದ್ದು, ಸಣಕಲು ಮೈಯ ಏರುಗಾರ ಮುಂದೆ ಹೋಗುವುದು ಈ ಕಾರಣದಿಂದ.

ಇವೆರಡನ್ನೂ ಗುಂಡ್ಲುಪೇಟೆಯ ಹಾದಿಯ ಮೇಲೆ ಇಟ್ಟು ನೋಡಬಹುದು. ಮೈಸೂರಿನಿಂದ ನಂಜನಗೂಡು, ಬೇಗೂರುಗಳ ಮೂಲಕ ಗುಂಡ್ಲುಪೇಟೆಗೆ ಬರುವ ಸುಮಾರು 60 ಕಿಲೋಮೀಟರುಗಳು ಸಣ್ಣ ಏರಿಳಿತಗಳ ಬಯಲು. ಗುಂಡ್ಲುಪೇಟೆಯಿಂದ ತೆರಕಣಾಂಬಿಯ ಮೇಲೆ ಚಾಮರಾಜನಗರಕ್ಕೆ ಹೋಗುವ ದಾರಿಯೂ ಅರಿಸಿನ, ಬಾಳೆ, ಸೂರ್ಯಕಾಂತಿ ಬೆಳೆಯುವ ತೆರೆದ ಹೊಲಗಳ ನಡುವಿನದು. ಮರದ ಸಾಲುಗಳ ಆಸರೆ ಕಡಿಮೆಯಿರುವ ಇಂಥ ಬಯಲಿನಲ್ಲಿ ಅಡ್ಡಗಾಳಿ ಬೀಸಿದರೆ ಸವಾರರು ನೇರ ಸಾಲಿನಲ್ಲಿ ಅಲ್ಲದೆ ರಸ್ತೆಗೆ ಓರೆಯಾದ ಸಾಲಿನಲ್ಲಿ ಮರೆ ಹುಡುಕಬೇಕಾಗುತ್ತದೆ. ರಸ್ತೆಯ ಅಗಲಕ್ಕೆ ಹಿಡಿಸದವರು ಅಂಚಿನಲ್ಲಿ ಗಾಳಿಗೆ ಸಿಕ್ಕಿ ಗುಂಪಿನಿಂದ ಕಳಚಿಕೊಳ್ಳುತ್ತಾರೆ. ಗುಂಡ್ಲುಪೇಟೆಯಲ್ಲಿ ಹೆದ್ದಾರಿ ಕವಲಾಗಿ, ಒಂದು ಮದ್ದೂರು ಚೆಕ್‌ಪೋಸ್ಟಿನ ಮೂಲಕ ವಯನಾಡಿಗೂ ಇನ್ನೊಂದು ಹಂಗಳ, ಮೇಲುಕಾಮನಹಳ್ಳಿ, ಬಂಡೀಪುರಗಳ ಮೂಲಕ ತಮಿಳುನಾಡಿಗೂ ಸಾಗುತ್ತವೆ. ಎರಡನೆಯ ದಾರಿ ತೆಪ್ಪಕಾಡಿನಲ್ಲಿ ಮತ್ತೆ ಕವಲೊಡೆದು, ಮೋಯಾರ್ ಹೊಳೆಯನ್ನು ದಾಟಿ ಮಸಿನಗುಡಿಗೆ ಹೋಗುವ ಶಾಖೆ ಕಲ್ಲಹಟ್ಟಿ ಘಾಟಿಯ 36 ಹೇರ್‌ಪಿನ್ ತಿರುವುಗಳನ್ನು ಹತ್ತಿ ಊಟಿಯನ್ನು ಸೇರುತ್ತದೆ.

ಮಸಿನಗುಡಿ ಸಮುದ್ರಮಟ್ಟದಿಂದ ಸುಮಾರು ಸಾವಿರ ಮೀಟರ್ ಎತ್ತರದಲ್ಲಿದ್ದರೆ ಊಟಿ ಸುಮಾರು 2,240 ಮೀಟರ್ ಎತ್ತರದಲ್ಲಿದೆ. ಈ ಏರಿನ ಬಹುಭಾಗ ಕೆಲವೇ ಕಿಲೋಮೀಟರುಗಳ ಘಾಟಿಯೊಳಗೆ ಅಡಕವಾಗಿದೆ. ಸೈಕಲ್ ಸೇರಿ 75 ಕಿಲೋಗ್ರಾಂ ಭಾರವಿರುವ ಸವಾರ ತನ್ನನ್ನು 1,200 ಮೀಟರ್ ಮೇಲಕ್ಕೆ ಎತ್ತಿಕೊಳ್ಳಲು ಸುಮಾರು 880 ಕಿಲೋಜೂಲ್ ಕೆಲಸ ಮಾಡಬೇಕು. ಆಹಾರದ ಶಕ್ತಿಯ ಕಾಲುಭಾಗಕ್ಕೂ ಕಡಿಮೆಯನ್ನಷ್ಟೇ ಸ್ನಾಯುಗಳು ಕೆಲಸವಾಗಿ ಪರಿವರ್ತಿಸುವುದರಿಂದ, ಆ ಏರೊಂದಕ್ಕೇ ಅವನು ಸುಮಾರು 900 ಕಿಲೋಕ್ಯಾಲರಿ, ಅಂದರೆ ಕಾಲು ಕಿಲೋಗಿಂತ ತುಸು ಹೆಚ್ಚು ರಾಗಿ ಹಿಟ್ಟಿನಲ್ಲಿರುವಷ್ಟು ಶಕ್ತಿಯನ್ನು ವ್ಯಯಿಸುತ್ತಾನೆ. ಮಾರನೆಯ ದಿನ ಅವನು ಮತ್ತೆ ಸೈಕಲ್ ಏರಬೇಕು, ಅದರ ಮಾರನೆಯ ದಿನವೂ ಏರಬೇಕು. ಹಂತಗಳ ಪಂದ್ಯದಲ್ಲಿ ಊಟ, ನಿದ್ರೆ, ವಿಶ್ರಾಂತಿಗಳು ಪೆಡಲು ತುಳಿಯುವುದರಷ್ಟೇ ಮುಖ್ಯವಾಗುವುದು ಇದರಿಂದಲೇ. ನಿನ್ನೆಯ ದಣಿವನ್ನು ಇಂದಿಗೆ ತೀರಿಸಿಕೊಳ್ಳಬಲ್ಲ ದೇಹವೇ ಕೊನೆಗೆ ಗೆಲ್ಲುತ್ತದೆ.

ನೀಲಗಿರಿಯ ಯಾನ

ಟೂರ್ ಆಫ್ ನೀಲಗಿರೀಸ್ ಅನ್ನು ಬೆಂಗಳೂರಿನ ಸೈಕಲ್ ಆಸಕ್ತರು ಕಟ್ಟಿದ, ಲಾಭದ ಉದ್ದೇಶವಿಲ್ಲದ ರೈಡ್ ಎ ಸೈಕಲ್ ಫೌಂಡೇಶನ್ ನಡೆಸಿಕೊಂಡು ಬಂದಿದೆ. ಡಿಸೆಂಬರಿನ ತಂಪಿನಲ್ಲಿ, ಸುಮಾರು ಎಂಟು ದಿನಗಳ ಕಾಲ, ಕರ್ನಾಟಕ, ಕೇರಳ, ತಮಿಳುನಾಡುಗಳ ರಸ್ತೆಗಳಲ್ಲಿ ಸುಮಾರು 900 ಕಿಲೋಮೀಟರು ಕ್ರಮಿಸುವುದು ಅದರ ರೂಢಿ. ಹಾದಿ ವರ್ಷದಿಂದ ವರ್ಷಕ್ಕೆ ಬದಲಾದರೂ ಮೈಸೂರಿನ ಬಯಲು, ಕೊಡಗು ಅಥವಾ ವಯನಾಡಿನ ಗುಡ್ಡಗಾಡು ಮತ್ತು ಊಟಿಯ ಏರು ಅದರ ಮುಖ್ಯ ಅಂಗಗಳು; ಕಲ್ಲಹಟ್ಟಿ ಘಾಟಿ ಅದರ ಅತ್ಯಂತ ಕಠಿಣ ಏರೆಂದು ಸವಾರರ ನಡುವೆ ಹೆಸರಾಗಿದೆ.

ವೃತ್ತಿಪರ ಪಂದ್ಯಕ್ಕೂ ಇದಕ್ಕೂ ಇರುವ ಮುಖ್ಯ ಭೇದ ರಸ್ತೆಯ ಸ್ಥಿತಿಯಲ್ಲಿದೆ. ಟೂರ್ ಡಿ ಫ್ರಾನ್ಸ್ ಹಾದುಹೋಗುವ ರಸ್ತೆಯನ್ನು ಪೊಲೀಸರು ಗಂಟೆಗಳ ಮೊದಲೇ ಬೇರೆ ವಾಹನಗಳಿಗೆ ಮುಚ್ಚುತ್ತಾರೆ. ನೀಲಗಿರಿಯ ಯಾನದಲ್ಲಿ ಲಾರಿ, ಬಸ್ಸು, ಕಬ್ಬಿನ ಟ್ರ್ಯಾಕ್ಟರುಗಳ ನಡುವೆಯೇ ಸವಾರರು ಸಾಗುತ್ತಾರೆ. ಆದ್ದರಿಂದ ಇಡೀ ದಿನದ ಹಾದಿಯನ್ನು ಸ್ಪರ್ಧೆಯಾಗಿಸದೆ, ಆಯ್ದ ತುಣುಕುಗಳಲ್ಲಿ, ಮುಖ್ಯವಾಗಿ ಘಾಟಿಯ ಏರುಗಳಲ್ಲಿ, ಸಮಯ ಅಳೆಯುವ ಪದ್ಧತಿ ಅಲ್ಲಿ ಬೆಳೆದುಬಂದಿತು. ಏರಿನಲ್ಲಿ ವೇಗ ಕಡಿಮೆಯಿರುವುದರಿಂದ ಅಪಾಯ ಕಡಿಮೆ, ಶ್ರಮದ ಅಳತೆ ಮಾತ್ರ ನಿಖರ. ಇಳಿಜಾರಿನಲ್ಲಿ ಸಮಯ ಅಳೆದರೆ ಗೆಲುವಿನ ಆಸೆ ಬ್ರೇಕಿನ ಮೇಲಿನ ಬೆರಳನ್ನು ಸಡಿಲಿಸುತ್ತದೆ. ಭಾರತದ ತೆರೆದ ರಸ್ತೆಗೆ ಹಂತಗಳ ಪಂದ್ಯವನ್ನು ಹೊಂದಿಸಿಕೊಂಡ ಈ ವಿವೇಕವನ್ನು ಮೆಚ್ಚಲೇಬೇಕು. ಜೊತೆಗೆ ಸಾಗುವ ನೆರವಿನ ವಾಹನಗಳು, ನೀರು ಮತ್ತು ತಿನಿಸಿನ ತಂಗುಗಳು, ಸೈಕಲ್ ಮಿಸ್ತ್ರಿಗಳು, ವೈದ್ಯಕೀಯ ನೆರವು ಇವೆಲ್ಲ ಸೇರಿ, ಕಚೇರಿ ಕೆಲಸದವರೂ ವ್ಯಾಪಾರಿಗಳೂ ವಿದ್ಯಾರ್ಥಿಗಳೂ ಹಂತಗಳ ಸವಾರಿ ಎಂದರೇನೆಂದು ತಮ್ಮ ಮೈಯಿಂದಲೇ ತಿಳಿಯುವ ಅವಕಾಶವನ್ನು ಈ ಯಾನ ಒದಗಿಸಿದೆ.

ವೃತ್ತಿಪರ ಪಂದ್ಯಗಳ ಅಂತಾರಾಷ್ಟ್ರೀಯ ಮಾನ್ಯತೆಯನ್ನು 1900ರಲ್ಲಿ ಸ್ಥಾಪನೆಯಾದ ಯುಸಿಐ ಎಂಬ ವಿಶ್ವ ಸೈಕ್ಲಿಂಗ್ ಒಕ್ಕೂಟ ನೀಡುತ್ತದೆ. ಅದರ ವರ್ಗೀಕರಣದಲ್ಲಿ ಮೊದಲ ಅಂಕಿ 1 ಆಗಿದ್ದರೆ ಒಂದು ದಿನದ ಪಂದ್ಯ, 2 ಆಗಿದ್ದರೆ ಹಂತಗಳ ಪಂದ್ಯ. ಎರಡನೆಯ ಭಾಗ ಪಂದ್ಯದ ದರ್ಜೆಯನ್ನು ಸೂಚಿಸುತ್ತದೆ. 2026ರ ಜನವರಿಯಲ್ಲಿ ಪುಣೆ ಜಿಲ್ಲೆಯಲ್ಲಿ ನಡೆದ ಪುಣೆ ಗ್ರ್ಯಾಂಡ್ ಟೂರ್ 2.2 ದರ್ಜೆಯದು. ಸಹ್ಯಾದ್ರಿಯ ಉತ್ತರ ಭಾಗದಲ್ಲಿ ಸಾಧ್ಯವಾದದ್ದು ಅದರ ದಕ್ಷಿಣ ಭಾಗದಲ್ಲಿ ಅಸಾಧ್ಯವೆನ್ನಲು ಕಾರಣವಿಲ್ಲ.

ಕಾಡಿನ ಕಟ್ಟಳೆ

ಆದರೆ ಗುಂಡ್ಲುಪೇಟೆಯ ಹಾದಿಗೆ ಫ್ರಾನ್ಸಿನ ಹಾದಿಗಿಲ್ಲದ ಒಂದು ಹೊಣೆಯಿದೆ. ಮೇಲುಕಾಮನಹಳ್ಳಿಯ ಆಚೆ ರಸ್ತೆ ಪ್ರವೇಶಿಸುವುದು, 1973ರಲ್ಲಿ ಹುಲಿ ಯೋಜನೆ ಆರಂಭವಾದಾಗ ಅದರ ಮೊದಲ ಅಭಯಾರಣ್ಯಗಳ ಸಾಲಿನಲ್ಲಿ ಸೇರಿದ ಬಂಡೀಪುರವನ್ನು. ಅದು ಮುದುಮಲೈ, ವಯನಾಡು, ನಾಗರಹೊಳೆಗಳೊಂದಿಗೆ ಸೇರಿ ಆನೆ ಮತ್ತು ಹುಲಿಗಳ ಒಂದೇ ಅಖಂಡ ನೆಲೆಯಾಗಿದೆ. ವಾಹನಗಳಿಗೆ ಸಿಲುಕಿ ಪ್ರಾಣಿಗಳು ಸಾಯುವುದನ್ನು ತಡೆಯಲು 2009ರಲ್ಲಿ ಚಾಮರಾಜನಗರ ಜಿಲ್ಲಾಡಳಿತ ಈ ಕಾಡಿನ ಹೆದ್ದಾರಿಗಳಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರವನ್ನು ನಿರ್ಬಂಧಿಸಿತು. 2010ರಲ್ಲಿ ಕರ್ನಾಟಕ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಗುಂಡ್ಲುಪೇಟೆ ತಾಲ್ಲೂಕಿನ ಮತ್ತೊಂದು ಪ್ರಸಿದ್ಧ ಏರು, 1,454 ಮೀಟರ್ ಎತ್ತರದ ಹಿಮವದ್ ಗೋಪಾಲಸ್ವಾಮಿ ಬೆಟ್ಟಕ್ಕೂ ಖಾಸಗಿ ವಾಹನಗಳಿಗೆ ಪ್ರವೇಶವಿಲ್ಲ. ಭಕ್ತರು ತಪ್ಪಲಿನಿಂದ ಸಾರಿಗೆ ಸಂಸ್ಥೆಯ ಬಸ್ಸಿನಲ್ಲಿ ಮೇಲಕ್ಕೆ ಹೋಗಬೇಕು. ಬಿಳಿಗಿರಿರಂಗನ ಬೆಟ್ಟವೂ 2011ರಿಂದ ಹುಲಿ ಸಂರಕ್ಷಿತ ಪ್ರದೇಶ. ಚಾಮರಾಜನಗರದಿಂದ ಹಾಸನೂರಿನ ಮೇಲೆ ಸತ್ಯಮಂಗಲಕ್ಕೆ ಇಳಿಯುವ ದಿಂಬಂ ಘಾಟಿ 27 ಹೇರ್‌ಪಿನ್ ತಿರುವುಗಳಿರುವ ಸೊಗಸಾದ ದಾರಿಯಾದರೂ ಅದೂ ಹುಲಿಗಳ ಕಾಡಿನೊಳಗಿನದೇ.

ಸೈಕಲ್ಲು ಹೊಗೆ ಉಗುಳುವುದಿಲ್ಲ, ಹಾರ್ನು ಹೊಡೆಯುವುದಿಲ್ಲ ಎಂಬುದು ನಿಜ. ಆದರೆ ದೊಡ್ಡ ಪಂದ್ಯವೊಂದರ ಜೊತೆಗೆ ಬರುವ ಕಾರುಗಳ ಸಾಲು, ಧ್ವನಿವರ್ಧಕ, ಹೆಲಿಕಾಪ್ಟರು, ರಸ್ತೆ ಬದಿಯ ಜನಸಂದಣಿ ಕಾಡಿಗೆ ತಕ್ಕವಲ್ಲ. ಆನೆಗಳು ರಸ್ತೆ ದಾಟುವ ಕಡೆ ಗಡಿಯಾರದ ಒತ್ತಡದಲ್ಲಿ ಓಡುವ ಸವಾರನಿಗೆ ನಿಂತು ಕಾಯುವ ತಾಳ್ಮೆಯಿರದು, ಕಾಯದಿದ್ದರೆ ಅಪಾಯ ಅವನದೂ ಆನೆಯದೂ. ಆದ್ದರಿಂದ ಕಾಡಿನ ಭಾಗವನ್ನು ಸ್ಪರ್ಧೆಯ ಲೆಕ್ಕದಿಂದ ಹೊರಗಿಟ್ಟು, ಅರಣ್ಯ ಇಲಾಖೆ ಒಪ್ಪಿದ ರೀತಿಯಲ್ಲಿ ಮೌನವಾಗಿ ದಾಟಿ, ಓಟವನ್ನು ಊರು ಹೊಲಗಳ ನಡುವಿನ ರಸ್ತೆಗೆ ಮೀಸಲಿಡುವುದೇ ಸರಿಯಾದ ಕ್ರಮ. ಗುಂಡ್ಲುಪೇಟೆ, ತೆರಕಣಾಂಬಿ, ಚಾಮರಾಜನಗರ, ಯಳಂದೂರು, ಕೊಳ್ಳೇಗಾಲಗಳನ್ನು ಜೋಡಿಸುವ ಬಯಲಿನ ರಸ್ತೆಗಳು ಅದಕ್ಕೆ ಧಾರಾಳವಾಗಿ ಸಾಕು.

ಕಳಂಕ ಮತ್ತು ಎಚ್ಚರ

ಈ ಕ್ರೀಡೆಯನ್ನು ಹೊಗಳುವಾಗ ಅದರ ಕಳಂಕವನ್ನು ಮುಚ್ಚಿಡುವುದು ಪ್ರಾಮಾಣಿಕತೆಯಲ್ಲ. ಮೂರು ವಾರ ದೇಹವನ್ನು ಅದರ ಮಿತಿಯವರೆಗೂ ದುಡಿಸಬೇಕಾದ ಒತ್ತಡ ಅನೇಕರನ್ನು ಉದ್ದೀಪನ ಮದ್ದಿನ ಕಡೆಗೆ ತಳ್ಳಿತು. 1967ರ ಜುಲೈ 13ರಂದು ಮೋಂ ವೆಂಟೂ ಬೆಟ್ಟದ ಏರಿನಲ್ಲಿ ಬ್ರಿಟನ್ನಿನ ಟಾಮ್ ಸಿಂಪ್ಸನ್ ಕುಸಿದು ಸತ್ತಾಗ ಅವನ ದೇಹದಲ್ಲಿ ಆಂಫೆಟಮೈನ್ ಪತ್ತೆಯಾಯಿತು. ಬಿಸಿಲು ಮತ್ತು ದಣಿವಿನ ಎಚ್ಚರಿಕೆಗಳನ್ನು ಆ ಮದ್ದು ಮರೆಮಾಚಿತ್ತು. 1999ರಿಂದ 2005ರವರೆಗೆ ಸತತ ಏಳು ಬಾರಿ ಗೆದ್ದಿದ್ದ ಅಮೆರಿಕದ ಲಾನ್ಸ್ ಆರ್ಮ್‌ಸ್ಟ್ರಾಂಗ್‌ನ ಏಳೂ ಪ್ರಶಸ್ತಿಗಳನ್ನು 2012ರಲ್ಲಿ ಕಸಿದುಕೊಳ್ಳಲಾಯಿತು, ಆ ವರ್ಷಗಳ ವಿಜೇತರ ಜಾಗ ದಾಖಲೆಯಲ್ಲಿ ಇಂದಿಗೂ ಖಾಲಿಯಿದೆ. ಇಂದು ಸವಾರರ ರಕ್ತದ ಲಕ್ಷಣಗಳನ್ನು ವರ್ಷವಿಡೀ ದಾಖಲಿಸಿ ಅಸಹಜ ಬದಲಾವಣೆಯನ್ನು ಹಿಡಿಯುವ ವ್ಯವಸ್ಥೆಯಿದೆ. ಎಳೆಯ ಸವಾರರನ್ನು ಬೆಳೆಸುವ ಯಾವುದೇ ಜಿಲ್ಲೆ ತರಬೇತಿಯ ಮೊದಲ ದಿನದಿಂದಲೇ ಈ ಪಾಠವನ್ನು ಹೇಳಿಕೊಡಬೇಕು.

ಏರುನೆಲದ ಮಕ್ಕಳು

ಕರ್ನಾಟಕದಲ್ಲಿ ರಸ್ತೆ ಸೈಕ್ಲಿಂಗ್‌ನ ನಿಜವಾದ ತವರು ಬೆಂಗಳೂರಲ್ಲ, ಉತ್ತರದ ವಿಜಯಪುರ ಮತ್ತು ಬಾಗಲಕೋಟೆ ಜಿಲ್ಲೆಗಳು. ಜಾತ್ರೆಗಳಲ್ಲಿ ಸೈಕಲ್ ಸ್ಪರ್ಧೆ ನಡೆಸುವ ರೂಢಿ, ಉದ್ದನೆಯ ನೇರ ರಸ್ತೆಗಳು, ರಾಜ್ಯದ ಕ್ರೀಡಾ ಇಲಾಖೆಯ ಕ್ರೀಡಾ ವಸತಿನಿಲಯಗಳು ಇವು ಕೂಡಿ ಅಲ್ಲಿನ ರೈತಕುಟುಂಬಗಳ ಹುಡುಗ ಹುಡುಗಿಯರನ್ನು ರಾಷ್ಟ್ರೀಯ ಪದಕಗಳವರೆಗೆ ಕೊಂಡೊಯ್ದಿವೆ. ಬೆಂಗಳೂರಿನಲ್ಲಿ ಸವಾರಿ ನಡೆಸಿದ ನವೀನ್ ಜಾನ್ ರಾಷ್ಟ್ರೀಯ ಟೈಮ್ ಟ್ರಯಲ್ ಚಾಂಪಿಯನ್ ಆಗಿ, 2016ರಲ್ಲಿ ದೋಹಾದಲ್ಲಿ ನಡೆದ ವಿಶ್ವ ರಸ್ತೆ ಸೈಕ್ಲಿಂಗ್ ಚಾಂಪಿಯನ್‌ಷಿಪ್‌ನಲ್ಲಿ ಅರವಿಂದ ಪನ್ವಾರ್ ಜೊತೆಗೆ ಭಾರತವನ್ನು ಪ್ರತಿನಿಧಿಸಿದರು. ದಾರಿ ಇದೆ, ಆ ದಾರಿಯಲ್ಲಿ ಹೋದವರೂ ಇದ್ದಾರೆ. ದಕ್ಷಿಣದ ಗಡಿ ಜಿಲ್ಲೆಗೆ ಅದು ಇನ್ನೂ ಮುಟ್ಟಬೇಕಾಗಿದೆ.

ಈ ಕ್ರೀಡೆ ಶ್ರೀಮಂತ ದೇಶಗಳದ್ದೆಂಬ ನಂಬಿಕೆಯನ್ನು ಇತ್ತೀಚಿನ ವರ್ಷಗಳು ಅಲುಗಾಡಿಸಿವೆ. 2019ರಲ್ಲಿ ಟೂರ್ ಡಿ ಫ್ರಾನ್ಸ್ ಗೆದ್ದ ಎಗಾನ್ ಬರ್ನಾಲ್ ಕೊಲಂಬಿಯಾದ ಎತ್ತರದ ಪ್ರಸ್ಥಭೂಮಿಯವನು. ಗೆದ್ದಾಗ ಅವನಿಗೆ 22 ವರ್ಷ. ಎರಿಟ್ರಿಯಾದ ರಾಜಧಾನಿ ಅಸ್ಮಾರಾದಲ್ಲಿ ಬೆಳೆದ ಬಿನಿಯಮ್ ಗಿರ್ಮೆ 2024ರಲ್ಲಿ ಅದೇ ಪಂದ್ಯದಲ್ಲಿ ಹಂತ ಗೆದ್ದ ಮೊದಲ ಕಪ್ಪು ಆಫ್ರಿಕನ್ ಸವಾರನಾಗಿ, ಹಸಿರು ಅಂಗಿಯನ್ನೂ ಗೆದ್ದನು. ಅಸ್ಮಾರಾದ ಎತ್ತರ ಹೆಚ್ಚುಕಡಿಮೆ ಊಟಿಯಷ್ಟೇ. ಎತ್ತರದ ಪ್ರದೇಶದ ತೆಳುಗಾಳಿಯಲ್ಲಿ ಬದುಕುವವರ ರಕ್ತದಲ್ಲಿ ಆಮ್ಲಜನಕವನ್ನು ಒಯ್ಯುವ ಸಾಮರ್ಥ್ಯ ಹೆಚ್ಚುವುದೆಂಬುದು ಶರೀರವಿಜ್ಞಾನ ಒಪ್ಪಿದ ಸಂಗತಿ. ಬೆಟ್ಟಗಳ ನಾಡಾದ ರುವಾಂಡ ತನ್ನದೇ ಹಂತಗಳ ಪಂದ್ಯವನ್ನು ವರ್ಷಗಳ ಕಾಲ ಬೆಳೆಸಿ, 2025ರ ಸೆಪ್ಟೆಂಬರಿನಲ್ಲಿ ರಾಜಧಾನಿ ಕಿಗಾಲಿಯಲ್ಲಿ ಆಫ್ರಿಕಾದ ಮೊದಲ ವಿಶ್ವ ರಸ್ತೆ ಚಾಂಪಿಯನ್‌ಷಿಪ್ ನಡೆಸಿತು. ಈ ದೇಶಗಳಿಗೆ ನೆರವಾದದ್ದು ಹಣಕ್ಕಿಂತ ಹೆಚ್ಚಾಗಿ ಏರುನೆಲ, ಸೈಕಲ್ಲನ್ನು ದಿನದ ವಾಹನವಾಗಿ ಬಳಸುವ ಜನ ಮತ್ತು ವರ್ಷವೂ ತಪ್ಪದೆ ನಡೆಯುವ ಒಂದು ಸ್ಥಳೀಯ ಪಂದ್ಯ.

ಚಾಮರಾಜನಗರ ಜಿಲ್ಲೆಯಲ್ಲಿ ಈ ಮೂರರಲ್ಲಿ ಎರಡು ಈಗಾಗಲೇ ಇವೆ. ಕರ್ನಾಟಕ ಸರ್ಕಾರ 2006-07ರಲ್ಲಿ ಎಂಟನೆಯ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡಲು ಆರಂಭಿಸಿದಾಗ, ಪ್ರೌಢಶಾಲೆ ದೂರವಿದ್ದ ಹಳ್ಳಿಗಳ ಅನೇಕ ಹೆಣ್ಣುಮಕ್ಕಳಿಗೆ ಅದು ಓದು ಮುಂದುವರಿಸುವ ಸಾಧನವಾಯಿತು. ಸೈಕಲ್ ತುಳಿದು ಶಾಲೆಗೆ ಹೋಗುವ ಮಕ್ಕಳಲ್ಲಿ ಯಾರ ಕಾಲಿಗೆ ಏರು ಹತ್ತುವ ಕಸುವಿದೆ, ಯಾರ ಉಸಿರಿಗೆ ದೀರ್ಘ ದೂರದ ತಾಳಿಕೆಯಿದೆ ಎಂದು ಪರೀಕ್ಷಿಸಿ ನೋಡುವ ವ್ಯವಸ್ಥೆ ಬೇಕು. ತಾಲ್ಲೂಕು ಮಟ್ಟದ ಶಾಲಾ ಕ್ರೀಡಾಕೂಟಗಳಲ್ಲಿ ರಸ್ತೆ ಸೈಕ್ಲಿಂಗ್‌ಗೆ ಜಾಗ ದೊರೆತು, ಗುಂಡ್ಲುಪೇಟೆಯಿಂದ ಚಾಮರಾಜನಗರಕ್ಕೆ, ಅಲ್ಲಿಂದ ಕೊಳ್ಳೇಗಾಲಕ್ಕೆ ಎರಡು ಮೂರು ದಿನಗಳ ಸಣ್ಣ ಹಂತಗಳ ಪಂದ್ಯವೊಂದು ವರ್ಷವೂ ನಡೆಯುವಂತಾದರೆ, ಜಿಲ್ಲೆಯ ಹುಡುಗ ಹುಡುಗಿಯರು ನೀಲಗಿರಿಯ ಯಾನ ಹಾದುಹೋಗುವುದನ್ನು ರಸ್ತೆ ಬದಿಯಲ್ಲಿ ನಿಂತು ನೋಡುವವರಾಗಿ ಉಳಿಯದೆ ಅದರೊಳಗಿನ ಸವಾರರಾಗುವರು. ಅದಕ್ಕೆ ಬೇಕಾದ ಖರ್ಚು ಕ್ರೀಡಾಂಗಣವೊಂದರ ಖರ್ಚಿನ ಮುಂದೆ ತೀರ ಅಲ್ಪ, ಏಕೆಂದರೆ ಕಣವನ್ನು ಹೊಸದಾಗಿ ಕಟ್ಟಬೇಕಾಗಿಲ್ಲ. ಬೆಳಗಿನ ಕೆಲವು ಗಂಟೆಗಳ ಕಾಲ ಒಂದು ರಸ್ತೆಯನ್ನು ಮಕ್ಕಳಿಗೆ ಬಿಟ್ಟುಕೊಡಲು ಜಿಲ್ಲಾಡಳಿತ, ಪೊಲೀಸ್ ಇಲಾಖೆ ಮತ್ತು ಊರಿನ ಜನ ಒಪ್ಪಿದರೆ ಸಾಕು.